ಖಿಲಾಫತ್ ಚಳವಳಿ: ವಿದ್ಯಾರ್ಥಿಗಳು ಬಿಡಿಸಿ ಓದಬೇಕಾದ ಅಧ್ಯಾಯ

ಹತ್ತನೆಯ ತರಗತಿಯ ಪರೀಕ್ಷೆಯಿಂದ ಹಿಡಿದು ಸರ್ಕಾರಿ ನೇಮಕಾತಿಯ ಸ್ಪರ್ಧಾತ್ಮಕ ಪರೀಕ್ಷೆಗಳವರೆಗೆ ಇತಿಹಾಸ ವಿಷಯದಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಲ್ಲಿ ಖಿಲಾಫತ್ ಚಳವಳಿಯೂ ಒಂದು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಅದಕ್ಕೆ ಮೂರು ವಾಕ್ಯಗಳ ಉತ್ತರವನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ತುರ್ಕಿಯ ಖಲೀಫರಿಗೆ ಬ್ರಿಟಿಷರಿಂದ ಅನ್ಯಾಯವಾಯಿತು. ಅಲಿ ಸಹೋದರರು ಚಳವಳಿ ಆರಂಭಿಸಿದರು. ಗಾಂಧೀಜಿ ಬೆಂಬಲ ನೀಡಿದರು. ಇಷ್ಟು ಬರೆದರೆ ಅಂಕ ಸಿಗಬಹುದು. ಆದರೆ ಬೆಂಗಳೂರು, ಮಂಗಳೂರಿನ ಜನರು ಸಾವಿರಾರು ಮೈಲಿ ದೂರದ ಇಸ್ತಾಂಬುಲ್‌ಗಾಗಿ ಯಾಕೆ ಬೀದಿಗಿಳಿದರು ಎಂದು ಕೇಳಿದರೆ ಆ ಮೂರು ವಾಕ್ಯಗಳಲ್ಲಿ ಉತ್ತರವಿಲ್ಲ.

ಇದಕ್ಕೆ ಒಂದು ಕಾರಣ ನಾವು ಪಾಠಗಳನ್ನು ಓದುವ ಕ್ರಮದಲ್ಲಿದೆ. ಮೊದಲನೆಯ ಮಹಾಯುದ್ಧ ವಿಶ್ವ ಇತಿಹಾಸದ ಭಾಗದಲ್ಲಿ ಬರುತ್ತದೆ. ಅಸಹಕಾರ ಚಳವಳಿ ಭಾರತದ ಸ್ವಾತಂತ್ರ್ಯ ಹೋರಾಟದ ಭಾಗದಲ್ಲಿ ಬರುತ್ತದೆ. ಇವೆರಡನ್ನೂ ಬೇರೆ ಬೇರೆ ತಿಂಗಳುಗಳಲ್ಲಿ ಓದಿದ ವಿದ್ಯಾರ್ಥಿಗೆ ಒಂದರಿಂದ ಇನ್ನೊಂದು ಹುಟ್ಟಿತೆಂಬ ಸಂಗತಿ ಹೊಳೆಯುವುದೇ ಇಲ್ಲ. ಖಿಲಾಫತ್ ಚಳವಳಿ ಆ ಎರಡು ಅಧ್ಯಾಯಗಳನ್ನು ಕೂಡಿಸುವ ಸೇತುವೆ. ಅದರ ಏಳು ಮತ್ತು ಬೀಳುಗಳೆರಡನ್ನೂ ಕ್ರಮವಾಗಿ ಅರಿತರೆ ಪರೀಕ್ಷೆಗೂ ಪ್ರಯೋಜನವಿದೆ, ಬದುಕಿಗೂ ಪಾಠವಿದೆ.

ಖಿಲಾಫತ್ ಎಂದರೇನು?

ಪ್ರವಾದಿ ಮುಹಮ್ಮದ್(ಸ)ರವರ ನಿಧನಾನಂತರ ಮುಸ್ಲಿಮ್ ಸಮುದಾಯದ ನೇತೃತ್ವ ವಹಿಸಿದವರನ್ನು ಖಲೀಫ ಎಂದು ಕರೆಯಲಾಯಿತು. ಉತ್ತರಾಧಿಕಾರಿ, ಪ್ರತಿನಿಧಿ ಎಂಬುದು ಆ ಪದದ ಅರ್ಥ. ಮೊದಲ ನಾಲ್ವರು ಖಲೀಫರ ಬಳಿಕ ಆ ಸ್ಥಾನ ಉಮವಿಯ್ಯ ಮತ್ತು ಅಬ್ಬಾಸಿಯ ರಾಜವಂಶಗಳ ಕೈಗೆ ಬಂತು. 1517ರಲ್ಲಿ ಉಸ್ಮಾನಿಯಾ ಸುಲ್ತಾನ ಒಂದನೆಯ ಸಲೀಮನು ಈಜಿಪ್ಟನ್ನು ಗೆದ್ದುಕೊಂಡ ನಂತರ ಮಕ್ಕಾ ಮತ್ತು ಮದೀನಾ ನಗರಗಳು ಉಸ್ಮಾನಿಯರ ಅಧೀನಕ್ಕೆ ಬಂದವು. ಪಠ್ಯಪುಸ್ತಕಗಳಲ್ಲಿ ಆಟೋಮನ್ ತುರ್ಕರೆಂದು ಬರುವವರು ಈ ಉಸ್ಮಾನಿಯರೇ. ಪವಿತ್ರ ನಗರಗಳ ಸೇವಕರೆಂಬ ಗೌರವ, ಖಲೀಫರೆಂಬ ಹಕ್ಕುಸಾಧನೆ ಎರಡೂ ಇಸ್ತಾಂಬುಲ್‌ನ ಸುಲ್ತಾನರಿಗೆ ಸೇರಿದವು.

ಭಾರತದಲ್ಲಿ ಮೊಘಲರ ಆಳ್ವಿಕೆ ನಡೆಯುತ್ತಿದ್ದ ಕಾಲದಲ್ಲಿ ಇಲ್ಲಿನ ಮುಸ್ಲಿಮರಿಗೆ ಇಸ್ತಾಂಬುಲ್ ಅಷ್ಟೇನೂ ಹತ್ತಿರದ ಹೆಸರಾಗಿರಲಿಲ್ಲ. 1857ರ ಬಳಿಕ ದಿಲ್ಲಿಯ ಕೊನೆಯ ಬಾದಶಹ ಬಹಾದುರ್ ಶಾ ಜಫರ್ ರಂಗೂನಿಗೆ ಗಡೀಪಾರಾದರು. ತಮ್ಮದೆನ್ನುವ ಸಿಂಹಾಸನವೊಂದು ಇಲ್ಲವಾದ ಮೇಲೆ ಇಲ್ಲಿನ ಜನರ ಕಣ್ಣು ಇನ್ನೂ ಸ್ವತಂತ್ರವಾಗಿ ಉಳಿದಿದ್ದ ಏಕೈಕ ದೊಡ್ಡ ಮುಸ್ಲಿಮ್ ಸಾಮ್ರಾಜ್ಯದ ಕಡೆಗೆ ತಿರುಗಿತು. ಅನೇಕ ಮಸೀದಿಗಳ ಶುಕ್ರವಾರದ ಖುತ್ಬಾದಲ್ಲಿ ಉಸ್ಮಾನಿಯಾ ಸುಲ್ತಾನರ ಹೆಸರು ಹೇಳಿ ದುಆ ಮಾಡುವ ರೂಢಿ ಬೆಳೆಯಿತು. ಆದ್ದರಿಂದ ಖಿಲಾಫತ್ ಬಗೆಗಿನ ಭಾವನೆಯಲ್ಲಿ ಧರ್ಮದ ಜೊತೆಗೆ ಕಳೆದುಕೊಂಡ ರಾಜ್ಯದ ನೋವೂ ಬೆರೆತಿತ್ತು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಮಹಾಯುದ್ಧ ಮತ್ತು ಭಾರತೀಯ ಸೈನಿಕ

1914ರ ಜುಲೈ 28ರಂದು ಯುರೋಪಿನಲ್ಲಿ ಯುದ್ಧ ಆರಂಭವಾಯಿತು. ಅದೇ ವರ್ಷದ ನವೆಂಬರ್ ವೇಳೆಗೆ ಉಸ್ಮಾನಿಯಾ ಸಾಮ್ರಾಜ್ಯವು ಜರ್ಮನಿಯ ಪಕ್ಷ ಸೇರಿ ಬ್ರಿಟನ್, ಫ್ರಾನ್ಸ್ ಮತ್ತು ರಷ್ಯಾಗಳ ವಿರುದ್ಧ ನಿಂತಿತ್ತು. ಭಾರತದ ಮುಸ್ಲಿಮರ ಪಾಲಿಗೆ ಇದೊಂದು ಕಠಿಣ ಸಂದರ್ಭ. ಅವರು ಬ್ರಿಟಿಷ್ ಸರ್ಕಾರದ ಪ್ರಜೆಗಳು. ಆ ಸರ್ಕಾರವು ಯುದ್ಧ ಹೂಡಿದ್ದು ಅವರು ಖಲೀಫರೆಂದು ಗೌರವಿಸುತ್ತಿದ್ದವರ ಮೇಲೆ.

ಬ್ರಿಟಿಷರಿಗೂ ಈ ಸೂಕ್ಷ್ಮ ಗೊತ್ತಿತ್ತು. ಅರೇಬಿಯಾದ ಪುಣ್ಯಸ್ಥಳಗಳಿಗೆ ಯಾವ ತೊಂದರೆಯೂ ಆಗದೆಂದು ಅವರು ಯುದ್ಧದ ಆರಂಭದಲ್ಲೇ ಭರವಸೆ ಕೊಟ್ಟರು. ಯಾಕೆಂದರೆ ಅವರ ಸೈನ್ಯದ ದೊಡ್ಡ ಆಧಾರ ಭಾರತವಾಗಿತ್ತು. ಆ ಯುದ್ಧದಲ್ಲಿ 13 ಲಕ್ಷಕ್ಕೂ ಹೆಚ್ಚು ಭಾರತೀಯರು ಸೇವೆ ಸಲ್ಲಿಸಿದರು. ಸುಮಾರು 74,000 ಮಂದಿ ಮರಳಿ ಬರಲಿಲ್ಲ. ಅವರಲ್ಲಿ ಅತಿ ಹೆಚ್ಚಿನವರು ಹೋದದ್ದು ಮೆಸೊಪೊಟೇಮಿಯಕ್ಕೆ, ಅಂದರೆ ಇಂದಿನ ಇರಾಕಿಗೆ. ಅಲ್ಲಿ ಅವರ ಎದುರಿಗಿದ್ದುದು ಉಸ್ಮಾನಿಯಾ ಸೈನ್ಯ. 1916ರ ಏಪ್ರಿಲ್ 29ರಂದು ಕೂತ್ ಎಂಬಲ್ಲಿ ಬ್ರಿಟಿಷ್ ಸೇನೆ ಶರಣಾದಾಗ ಸೆರೆಸಿಕ್ಕವರಲ್ಲಿ ಬಹುಪಾಲು ಭಾರತೀಯರೇ ಆಗಿದ್ದರು.

1915ರ ಫೆಬ್ರವರಿಯಲ್ಲಿ ಸಿಂಗಾಪುರದಲ್ಲಿದ್ದ ಐದನೆಯ ಲೈಟ್ ಇನ್‌ಫ್ಯಾಂಟ್ರಿಯ ಭಾರತೀಯ ಮುಸ್ಲಿಮ್ ಸಿಪಾಯಿಗಳು ದಂಗೆಯೆದ್ದರು. ತಮ್ಮನ್ನು ತುರ್ಕಿಯರ ವಿರುದ್ಧ ಕಳುಹಿಸಲಾಗುತ್ತದೆ ಎಂಬ ಶಂಕೆ ಅದರ ಕಾರಣಗಳಲ್ಲೊಂದು. 47 ಮಂದಿಗೆ ಮರಣದಂಡನೆ ವಿಧಿಸಿ ಗುಂಡಿಕ್ಕಲಾಯಿತು.

ಕನ್ನಡ ನಾಡಿಗೂ ಈ ಯುದ್ಧದೊಡನೆ ನೇರ ಸಂಬಂಧವಿದೆ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಉಸ್ಮಾನಿಯಾ ಸೈನ್ಯದಿಂದ ವಶಪಡಿಸಿಕೊಂಡವರು ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಅಶ್ವದಳದವರು. ಮೈಸೂರು ಲ್ಯಾನ್ಸರ್ಸ್ ಎಂಬ ಆ ಪಡೆಯ ಸ್ಮಾರಕ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಇಂದಿಗೂ ಇದೆ. ವಿಶ್ವ ಇತಿಹಾಸವು ನಮ್ಮ ಬೀದಿಯ ಕಲ್ಲಿನ ಮೇಲೂ ಬರೆದಿರುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಒಂದೇ ನೆಲಕ್ಕೆ ಹಲವು ಮಾತು

ಯುದ್ಧ ನಡೆಯುತ್ತಿದ್ದಾಗಲೇ ಉಸ್ಮಾನಿಯಾ ಸಾಮ್ರಾಜ್ಯದ ನೆಲವನ್ನು ಹಂಚಿಕೊಳ್ಳುವ ಲೆಕ್ಕಾಚಾರವೂ ನಡೆದಿತ್ತು. ಇದನ್ನು ಕ್ರಮವಾಗಿ ನೆನಪಿಡುವುದು ಅಗತ್ಯ. 1915 ಮತ್ತು 1916ರಲ್ಲಿ ಈಜಿಪ್ಟಿನ ಬ್ರಿಟಿಷ್ ಹೈಕಮಿಷನರ್ ಮ್ಯಾಕ್‌ಮಹನ್, ಮಕ್ಕಾದ ಶರೀಫ್ ಹುಸೈನರೊಡನೆ ಪತ್ರವ್ಯವಹಾರ ನಡೆಸಿ, ಉಸ್ಮಾನಿಯರ ವಿರುದ್ಧ ಎದ್ದರೆ ಅರಬರ ಸ್ವಾತಂತ್ರ್ಯಕ್ಕೆ ಬೆಂಬಲ ನೀಡುವ ಆಸೆ ಹುಟ್ಟಿಸಿದರು. 1916ರ ಮೇ ತಿಂಗಳಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಸೈಕ್ಸ್-ಪಿಕೋ ಎಂಬ ಗುಪ್ತ ಒಪ್ಪಂದದಲ್ಲಿ ಅದೇ ಅರಬ್ ನೆಲವನ್ನು ತಮ್ಮೊಳಗೆ ಹಂಚಿಕೊಂಡವು. 1917ರ ನವೆಂಬರ್ 2ರಂದು ಬ್ರಿಟಿಷ್ ವಿದೇಶಾಂಗ ಮಂತ್ರಿ ಬಾಲ್ಫರ್, ಪ್ಯಾಲೆಸ್ತೀನಿನಲ್ಲಿ ಯಹೂದಿಯರಿಗೆ ರಾಷ್ಟ್ರೀಯ ನೆಲೆ ಕಲ್ಪಿಸಲು ತಮ್ಮ ಸರ್ಕಾರ ಒಲವು ಹೊಂದಿದೆಯೆಂದು ಘೋಷಿಸಿದರು. 1918ರ ಜನವರಿಯಲ್ಲಿ ಪ್ರಧಾನಿ ಲಾಯ್ಡ್ ಜಾರ್ಜ್, ತುರ್ಕಿಯರಿಂದ ಅವರ ರಾಜಧಾನಿಯನ್ನಾಗಲಿ ತುರ್ಕಿ ಜನರು ವಾಸಿಸುವ ನಾಡನ್ನಾಗಲಿ ಕಿತ್ತುಕೊಳ್ಳಲು ತಾವು ಹೋರಾಡುತ್ತಿಲ್ಲವೆಂಬ ಅರ್ಥದ ಭಾಷಣ ಮಾಡಿದರು.

ಅರಬರಿಗೆ ಒಂದು, ಫ್ರೆಂಚರಿಗೆ ಒಂದು, ಯಹೂದಿಯರಿಗೆ ಒಂದು, ಭಾರತದ ಮುಸ್ಲಿಮರಿಗೆ ಒಂದು ಎಂಬಂತೆ ಹೋದ ಈ ಮಾತುಗಳೆಲ್ಲವೂ ಏಕಕಾಲಕ್ಕೆ ನಿಜವಾಗಲು ಸಾಧ್ಯವಿರಲಿಲ್ಲ. 1918ರ ಅಕ್ಟೋಬರ್ 30ರಂದು ಉಸ್ಮಾನಿಯಾ ಸರ್ಕಾರ ಕದನವಿರಾಮಕ್ಕೆ ಒಪ್ಪಿತು. 1919ರ ಮೇ 15ರಂದು ಗ್ರೀಕ್ ಸೈನ್ಯ ಇಜ್ಮೀರ್ ಬಂದರಿಗೆ ಇಳಿಯಿತು. 1920ರ ಮಾರ್ಚ್ 16ರಂದು ಇಸ್ತಾಂಬುಲ್ ಮಿತ್ರರಾಷ್ಟ್ರಗಳ ಅಧಿಕೃತ ವಶಕ್ಕೆ ಹೋಯಿತು. ಸಿರಿಯಾ ಮತ್ತು ಲೆಬನಾನ್ ಫ್ರಾನ್ಸಿಗೂ, ಇರಾಕ್ ಮತ್ತು ಪ್ಯಾಲೆಸ್ತೀನ್ ಬ್ರಿಟನ್ನಿಗೂ ಎಂಬುದು ಏಪ್ರಿಲ್‌ನಲ್ಲಿ ಸಾನ್ ರೆಮೊ ಸಮ್ಮೇಳನದಲ್ಲಿ ನಿರ್ಧಾರವಾಯಿತು. ಇಂದು ಪ್ಯಾಲೆಸ್ತೀನಿನಲ್ಲಿ ಸುರಿಯುತ್ತಿರುವ ರಕ್ತದ ಹಿನ್ನೆಲೆ ಕೇಳುವ ಮಕ್ಕಳಿಗೆ ಮೊದಲು ಓದಿಸಬೇಕಾದುದು ಈ ನಾಲ್ಕೈದು ವರ್ಷಗಳ ಕತೆಯನ್ನೇ.

1919ರ ಭಾರತ

ಈಗ ಭಾರತದತ್ತ ತಿರುಗೋಣ. ಯುದ್ಧದ ಖರ್ಚು, ತೆರಿಗೆ ಮತ್ತು ಬೆಲೆಯೇರಿಕೆಯಿಂದ ಜನ ಬಳಲಿದ್ದರು. 1918ರ ಇನ್‌ಫ್ಲುಯೆಂಜಾ ಜ್ವರ ಮನೆಮನೆಯಲ್ಲೂ ಸಾವು ತಂದಿತ್ತು. ಇಂಥ ಹೊತ್ತಿನಲ್ಲಿ 1919ರ ಮಾರ್ಚ್‌ನಲ್ಲಿ ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ಅವಕಾಶ ಕೊಡುವ ರೌಲೆಟ್ ಕಾಯಿದೆ ಬಂತು. ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗ್‌ನಲ್ಲಿ ಜನರಲ್ ಡೈಯರ್ ನಿರಾಯುಧ ಜನರ ಮೇಲೆ ಗುಂಡು ಹಾರಿಸಿದನು. ಅದಕ್ಕೆ ಕೆಲವೇ ದಿನ ಮುನ್ನ, ಏಪ್ರಿಲ್ 4ರಂದು, ದಿಲ್ಲಿಯ ಜಾಮಾ ಮಸೀದಿಯಲ್ಲಿ ಆರ್ಯಸಮಾಜದ ಸ್ವಾಮಿ ಶ್ರದ್ಧಾನಂದರು ಜನರನ್ನುದ್ದೇಶಿಸಿ ಮಾತನಾಡಿದ್ದರು. ಪಂಜಾಬಿನ ಗಾಯ ಮತ್ತು ಖಿಲಾಫತ್‌ನ ಗಾಯ ಎರಡೂ ಒಂದೇ ಸರ್ಕಾರದಿಂದ ಆದವು ಎಂಬ ಭಾವನೆ ಹೀಗೆ ಬೆಳೆಯುತ್ತಿತ್ತು.

1919ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ಖಿಲಾಫತ್ ಸಮಿತಿ ಹುಟ್ಟಿತು. ಅಕ್ಟೋಬರ್ 17ನ್ನು ದೇಶದಾದ್ಯಂತ ಖಿಲಾಫತ್ ದಿನವಾಗಿ ಆಚರಿಸಲಾಯಿತು. ನವೆಂಬರ್‌ನಲ್ಲಿ ದಿಲ್ಲಿಯಲ್ಲಿ ನಡೆದ ಅಖಿಲ ಭಾರತ ಖಿಲಾಫತ್ ಸಮ್ಮೇಳನದಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದರು. ಮುಹಮ್ಮದ್ ಅಲಿ ಮತ್ತು ಶೌಕತ್ ಅಲಿ ಸಹೋದರರು ಆಗ ಇನ್ನೂ ಬಂಧನದಲ್ಲಿದ್ದರು. ಅವರ ಬಿಡುಗಡೆಯಾದದ್ದು ಡಿಸೆಂಬರ್‌ನಲ್ಲಿ. ಮೌಲಾನಾ ಅಬುಲ್ ಕಲಾಮ್ ಆಜಾದ್, ಹಕೀಮ್ ಅಜ್ಮಲ್ ಖಾನ್, ಡಾ. ಅನ್ಸಾರಿ, ಹಸ್ರತ್ ಮೊಹಾನಿ ಇವರೆಲ್ಲ ಚಳವಳಿಯ ಮುಂಚೂಣಿಯಲ್ಲಿದ್ದರು. ಅಲಿ ಸಹೋದರರ ವೃದ್ಧ ತಾಯಿ ಆಬಾದಿ ಬಾನೊ ಬೇಗಂ, ಜನರ ಬಾಯಲ್ಲಿ 'ಬಿ ಅಮ್ಮಾ', ಊರೂರು ಸುತ್ತಿ ಸಭೆಗಳಲ್ಲಿ ಮಾತನಾಡಿದರು. ಸ್ವಾತಂತ್ರ್ಯ ಹೋರಾಟದಲ್ಲಿ ಮಹಿಳೆಯರ ಪಾತ್ರದ ಕುರಿತ ಪ್ರಶ್ನೆಗೆ ಉತ್ತರಿಸುವಾಗ ಈ ಹೆಸರನ್ನು ನಮ್ಮ ವಿದ್ಯಾರ್ಥಿನಿಯರು ಮರೆಯಬಾರದು.

ಚಳವಳಿಯ ಬೇಡಿಕೆಗಳು ಮೂರು. ಧರ್ಮರಕ್ಷಣೆಗೆ ಸಾಕಾಗುವಷ್ಟು ರಾಜ್ಯ ಖಲೀಫರ ಕೈಯಲ್ಲಿ ಉಳಿಯಬೇಕು. ಅರೇಬಿಯಾ, ಸಿರಿಯಾ, ಇರಾಕ್, ಪ್ಯಾಲೆಸ್ತೀನ್‌ಗಳು ಮುಸ್ಲಿಮ್ ಆಡಳಿತದಲ್ಲೇ ಇರಬೇಕು. ಪುಣ್ಯಸ್ಥಳಗಳ ಪಾಲನೆ ಖಲೀಫರದ್ದೇ ಆಗಿರಬೇಕು. 1920ರ ಮಾರ್ಚ್‌ನಲ್ಲಿ ಮುಹಮ್ಮದ್ ಅಲಿಯವರ ನೇತೃತ್ವದ ನಿಯೋಗ ಲಂಡನ್ನಿನಲ್ಲಿ ಲಾಯ್ಡ್ ಜಾರ್ಜರನ್ನು ಭೇಟಿಯಾಗಿ ಬರಿಗೈಯಲ್ಲಿ ಮರಳಬೇಕಾಯಿತು.

ಅಸಹಕಾರದ ದಾರಿ

ಇಲ್ಲಿ ವಿದ್ಯಾರ್ಥಿಗಳನ್ನು ಗೊಂದಲಕ್ಕೆ ಕೆಡಹುವ ಒಂದು ಅಂಶವಿದೆ. ಸೆವ್ರೆ ಒಪ್ಪಂದಕ್ಕೆ ಸಹಿ ಬಿದ್ದದ್ದು 1920ರ ಆಗಸ್ಟ್ 10ರಂದು. ಅಸಹಕಾರ ಚಳವಳಿ ಆರಂಭವಾದದ್ದು ಆಗಸ್ಟ್ 1ರಂದು. ಹಾಗಾದರೆ ಒಪ್ಪಂದವು ಚಳವಳಿಗೆ ಕಾರಣವಾದದ್ದು ಹೇಗೆ? ಉತ್ತರ ಸರಳವಾಗಿದೆ. ಒಪ್ಪಂದದ ಷರತ್ತುಗಳು ಮೇ ತಿಂಗಳಲ್ಲೇ ಪ್ರಕಟವಾಗಿದ್ದವು. ಜೂನ್‌ನಲ್ಲಿ ಅಲಹಾಬಾದಿನಲ್ಲಿ ಸೇರಿದ ಖಿಲಾಫತ್ ಸಮಿತಿಯು ಬಿರುದುಗಳನ್ನು ಮರಳಿಸುವುದು, ಸರ್ಕಾರಿ ನೌಕರಿ ಬಿಡುವುದು, ಪೊಲೀಸ್ ಮತ್ತು ಸೈನ್ಯ ತೊರೆಯುವುದು, ಕೊನೆಗೆ ತೆರಿಗೆ ನಿರಾಕರಣೆ ಎಂಬ ನಾಲ್ಕು ಹಂತಗಳ ಅಸಹಕಾರವನ್ನು ಒಪ್ಪಿಕೊಂಡಿತು. ಕಾಂಗ್ರೆಸ್ ಅದನ್ನು ಅಂಗೀಕರಿಸಿದ್ದು ಸೆಪ್ಟೆಂಬರ್‌ನ ಕಲ್ಕತ್ತಾ ವಿಶೇಷ ಅಧಿವೇಶನದಲ್ಲಿ; ಡಿಸೆಂಬರ್‌ನ ನಾಗಪುರ ಅಧಿವೇಶನ ಅದನ್ನು ಗಟ್ಟಿಗೊಳಿಸಿತು. ಅಂದರೆ ಅಸಹಕಾರದ ಕಾರ್ಯಕ್ರಮವನ್ನು ಮೊದಲು ಕೈಗೆತ್ತಿಕೊಂಡ ಸಂಘಟನೆ ಖಿಲಾಫತ್ ಸಮಿತಿ. ಇದನ್ನು ಬರೆಯುವ ವಿದ್ಯಾರ್ಥಿಯ ಉತ್ತರ ಉಳಿದವರ ಉತ್ತರಕ್ಕಿಂತ ಬೇರೆಯಾಗಿ ಕಾಣುತ್ತದೆ.

ಆಗಸ್ಟ್ 1ರಂದು ಗಾಂಧೀಜಿ ತಮ್ಮ ಕೈಸರ್-ಎ-ಹಿಂದ್ ಪದಕವನ್ನು ವೈಸರಾಯರಿಗೆ ಮರಳಿಸಿದರು. ಅದೇ ದಿನ ಲೋಕಮಾನ್ಯ ತಿಲಕರು ನಿಧನರಾದರು. ಬಳಿಕ ಗಾಂಧೀಜಿ ಮತ್ತು ಶೌಕತ್ ಅಲಿ ಜೊತೆಯಾಗಿ ದಕ್ಷಿಣದ ಪ್ರವಾಸ ಕೈಗೊಂಡರು. ಆಗಸ್ಟ್ 19ರಂದು, ಅಂದರೆ ಸೆವ್ರೆಯಲ್ಲಿ ಸಹಿ ಬಿದ್ದ ಒಂಬತ್ತು ದಿನಗಳ ಬಳಿಕ, ಅವರು ಮಂಗಳೂರಿನಲ್ಲಿದ್ದರು, 21ರಂದು ಬೆಂಗಳೂರಿನಲ್ಲಿ. ಪ್ಯಾರಿಸ್ ಸಮೀಪದ ಊರೊಂದರ ಸಹಿಗೂ ನೇತ್ರಾವತಿ ದಂಡೆಯ ಸಭೆಗೂ ನಡುವಿನ ಅಂತರ ಅಷ್ಟೇ.

1921ರ ಜುಲೈನಲ್ಲಿ ಕರಾಚಿಯ ಖಿಲಾಫತ್ ಸಮ್ಮೇಳನವು ಬ್ರಿಟಿಷ್ ಸೈನ್ಯದಲ್ಲಿ ಸೇವೆ ಸಲ್ಲಿಸುವುದು ಮುಸ್ಲಿಮರಿಗೆ ನಿಷಿದ್ಧವೆಂದು ನಿರ್ಣಯಿಸಿತು. ಇದಕ್ಕಾಗಿ ಅಲಿ ಸಹೋದರರು, ಡಾ. ಸೈಫುದ್ದೀನ್ ಕಿಚ್ಲು, ಮೌಲಾನಾ ಹುಸೈನ್ ಅಹ್ಮದ್ ಮದನಿ ಮೊದಲಾದವರ ಮೇಲೆ ಕರಾಚಿಯ ಖಾಲಿಕ್‌ದಿನಾ ಹಾಲ್‌ನಲ್ಲಿ ಮೊಕದ್ದಮೆ ನಡೆಯಿತು. ಆರೋಪಿಗಳ ಸಾಲಿನಲ್ಲಿ ಶಾರದಾ ಪೀಠದ ಶಂಕರಾಚಾರ್ಯ ಭಾರತೀ ಕೃಷ್ಣ ತೀರ್ಥರೂ ಇದ್ದರು. ಅವರ ಖುಲಾಸೆಯಾಯಿತು, ಉಳಿದವರಿಗೆ ಎರಡು ವರ್ಷಗಳ ಶಿಕ್ಷೆಯಾಯಿತು. ಒಬ್ಬ ಆಲಿಮರೂ ಒಬ್ಬ ಶಂಕರಾಚಾರ್ಯರೂ ಒಂದೇ ಕಟಕಟೆಯಲ್ಲಿ ನಿಂತ ಆ ದೃಶ್ಯವನ್ನು ನಮ್ಮ ಇಂದಿನ ಪೀಳಿಗೆ ತಿಳಿದಿರಬೇಕು.

ನುಂಗಲಾರದ ಪುಟಗಳು

ಚಳವಳಿಯ ಹೆಮ್ಮೆಯ ಭಾಗವನ್ನಷ್ಟೇ ಹೇಳಿ ಮುಗಿಸಿದರೆ ಅದು ಇತಿಹಾಸಕ್ಕೆ ಮಾಡುವ ಅನ್ಯಾಯ. ಮೂರು ಸಂಗತಿಗಳನ್ನು ನಾವು ನೇರವಾಗಿ ನೋಡಬೇಕು.

ಮೊದಲನೆಯದು 1920ರ ಬೇಸಿಗೆಯ ಹಿಜ್ರತ್. ಬ್ರಿಟಿಷರ ಆಳ್ವಿಕೆಯ ಭಾರತದಲ್ಲಿ ನೆಲೆಸುವುದು ಇನ್ನು ಸರಿಯಲ್ಲವೆಂಬ ಕರೆಗೆ ಓಗೊಟ್ಟು ಸಾವಿರಾರು ಮುಸ್ಲಿಮರು, ಮುಖ್ಯವಾಗಿ ಸಿಂಧ್ ಮತ್ತು ವಾಯವ್ಯ ಗಡಿ ಪ್ರಾಂತದವರು, ಹೊಲ ಮನೆ ಮಾರಿ ಅಫಘಾನಿಸ್ತಾನಕ್ಕೆ ಹೊರಟರು. ಮೊದಲು ಸ್ವಾಗತಿಸಿದ ಅಲ್ಲಿನ ಅಮೀರ್ ಅಮಾನುಲ್ಲಾ, ಜನಪ್ರವಾಹ ತಾಳಲಾರದೆ ಆಗಸ್ಟ್‌ನಲ್ಲಿ ತಡೆದರು. ಹಸಿವು, ರೋಗಗಳಿಂದ ಎಷ್ಟೋ ಮಂದಿ ದಾರಿಯಲ್ಲೇ ಅಸುನೀಗಿದರು. ಮರಳಿದವರಿಗೆ ಮಾರಿದ ಹೊಲ ಹಿಂದಿರುಗಿ ಸಿಗುವ ಹಾಗಿರಲಿಲ್ಲ. ತಲುಪುವ ನಾಡು ಅವರನ್ನು ಸಾಕಬಲ್ಲದೇ ಎಂದು ವಿಚಾರಿಸದೆ ಕೊಟ್ಟ ಕರೆಯ ಬೆಲೆಯನ್ನು ತೆತ್ತವರು ಬಡವರು.

ಎರಡನೆಯದು 1921ರ ಆಗಸ್ಟ್‌ನಲ್ಲಿ ಆರಂಭವಾದ ಮಲಬಾರ್ ದಂಗೆ. ಏರನಾಡು ಮತ್ತು ವಳ್ಳುವನಾಡುಗಳ ಮಾಪಿಳ್ಳ ಗೇಣಿದಾರರಿಗೆ ಜಮೀನ್ದಾರಿ ಪದ್ಧತಿಯ ವಿರುದ್ಧ ಹಳೆಯ ಆಕ್ರೋಶವಿತ್ತು. ಖಿಲಾಫತ್ ಸಂದೇಶ ಅದರೊಡನೆ ಬೆರೆಯಿತು. ಪೊಲೀಸ್ ದಾಳಿಗಳು ಕಿಡಿ ಹಚ್ಚಿದವು. ಬ್ರಿಟಿಷರ ವಿರುದ್ಧ ಎದ್ದ ದಂಗೆಯಲ್ಲಿ ಹಿಂದೂ ನೆರೆಹೊರೆಯವರ ಹತ್ಯೆಗಳು ಮತ್ತು ಬಲವಂತದ ಮತಾಂತರಗಳು ಕೂಡ ನಡೆದವು. ಧರ್ಮದಲ್ಲಿ ಬಲಾತ್ಕಾರವಿಲ್ಲವೆಂಬುದು ಇಸ್ಲಾಮಿನ ಸ್ಪಷ್ಟ ಬೋಧನೆಯಾಗಿರುವಾಗ ಅಂಥ ಕೃತ್ಯಗಳಿಗೆ ಸಮರ್ಥನೆಯಿಲ್ಲ. ಸರ್ಕಾರದ ದಮನವೂ ಅಷ್ಟೇ ಕ್ರೂರವಾಗಿತ್ತು. ಅದರ ಲೆಕ್ಕದ ಪ್ರಕಾರವೇ 2,000ಕ್ಕೂ ಹೆಚ್ಚು ದಂಗೆಕಾರರು ಸತ್ತರು. ನವೆಂಬರ್‌ನಲ್ಲಿ ತಿರೂರಿನಿಂದ ಮುಚ್ಚಿದ ರೈಲು ಗಾಡಿಯಲ್ಲಿ ತುಂಬಿ ಕಳುಹಿಸಿದ ಸುಮಾರು ನೂರು ಕೈದಿಗಳಲ್ಲಿ ಎಪ್ಪತ್ತರಷ್ಟು ಮಂದಿ ಉಸಿರುಗಟ್ಟಿ ಸತ್ತರು. ವ್ಯಾಗನ್ ದುರಂತವೆಂದು ಕರೆಯುವುದು ಇದನ್ನೇ. ಸೆರೆಯಾದ ಮಾಪಿಳ್ಳರಲ್ಲಿ ಅನೇಕರನ್ನು ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿಯ ಜೈಲಿನಲ್ಲಿ ಇರಿಸಲಾಗಿತ್ತು.

ಮೂರನೆಯದು ಚೌರಿ ಚೌರಾ. 1922ರ ಫೆಬ್ರವರಿ 4ರಂದು ಆ ಊರಿನಲ್ಲಿ ಉದ್ರಿಕ್ತ ಗುಂಪು ಠಾಣೆಗೆ ಬೆಂಕಿಯಿಟ್ಟಾಗ 22 ಮಂದಿ ಪೊಲೀಸರು ಸತ್ತರು. ಗಾಂಧೀಜಿ ಬಾರ್ಡೋಲಿಯಲ್ಲಿ ಚಳವಳಿಯನ್ನು ನಿಲ್ಲಿಸುವ ತೀರ್ಮಾನ ಕೈಗೊಂಡರು. ಅಲಿ ಸಹೋದರರು ಆಗ ಜೈಲಿನಲ್ಲಿದ್ದರು. ಚಳವಳಿ ನಿಲ್ಲಿಸಿದ ರೀತಿ ಖಿಲಾಫತ್ ನಾಯಕರಲ್ಲಿ ಅನೇಕರಿಗೆ ನೋವು ತಂದಿತು.

ಅಂಕಾರದ ತೀರ್ಮಾನ

ಭಾರತದಲ್ಲಿ ಇಷ್ಟೆಲ್ಲ ನಡೆಯುತ್ತಿದ್ದಾಗ ತುರ್ಕಿಯಲ್ಲಿ ಬೇರೆಯದೇ ಗಾಳಿ ಬೀಸುತ್ತಿತ್ತು. 1919ರ ಮೇ 19ರಂದು ಸಾಮ್ಸುನ್ ಬಂದರಿಗೆ ಇಳಿದ ಸೇನಾಧಿಕಾರಿ ಮುಸ್ತಫಾ ಕಮಾಲ್, ಪರಕೀಯ ಸೈನ್ಯಗಳ ವಿರುದ್ಧ ಜನರನ್ನು ಸಂಘಟಿಸಿದರು. 1920ರ ಏಪ್ರಿಲ್ 23ರಂದು ಅಂಕಾರದಲ್ಲಿ ರಾಷ್ಟ್ರೀಯ ಸಭೆ ಸೇರಿತು. 1922ರ ಸೆಪ್ಟೆಂಬರ್ ವೇಳೆಗೆ ಗ್ರೀಕ್ ಸೈನ್ಯ ಸೋತು ಹಿಂದೆ ಸರಿಯಿತು. ಸೆವ್ರೆ ಒಪ್ಪಂದ ಕಾಗದದಲ್ಲೇ ಉಳಿಯಿತು. 1923ರ ಜುಲೈ 24ರ ಲೋಸಾನ್ ಒಪ್ಪಂದ ಅದರ ಸ್ಥಾನಕ್ಕೆ ಬಂತು.

ಭಾರತದ ಖಿಲಾಫತ್ ಸಮಿತಿ ಈ ಗೆಲುವಿನಿಂದ ಸಂಭ್ರಮಿಸಿತು. ಆದರೆ ಗೆದ್ದವರು ಕಾಪಾಡಲು ಬಯಸಿದ್ದು ತುರ್ಕಿ ರಾಷ್ಟ್ರವನ್ನು, ಖಿಲಾಫತನ್ನಲ್ಲ. 1922ರ ನವೆಂಬರ್ 1ರಂದು ಸುಲ್ತಾನ ಪದವಿ ರದ್ದಾಯಿತು. 1923ರ ಅಕ್ಟೋಬರ್ 29ರಂದು ತುರ್ಕಿ ಗಣರಾಜ್ಯವಾಯಿತು. 1924ರ ಮಾರ್ಚ್ 3ರಂದು ಅಂಕಾರದ ಸಭೆಯು ಖಿಲಾಫತ್ ಪದವಿಯನ್ನೇ ಕೊನೆಗೊಳಿಸಿತು. ಕೊನೆಯ ಖಲೀಫ ಎರಡನೆಯ ಅಬ್ದುಲ್ ಮಜೀದ್ ಕುಟುಂಬದೊಡನೆ ಯುರೋಪಿಗೆ ಗಡೀಪಾರಾದರು. ಬೀದರ್, ಕಲಬುರಗಿ, ರಾಯಚೂರುಗಳನ್ನೂ ಆಳುತ್ತಿದ್ದ ಹೈದರಾಬಾದಿನ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್ ಅವರು ಖಲೀಫರ ಜೀವನಕ್ಕೆ ಮಾಸಾಶನ ಕಳುಹಿಸುತ್ತಿದ್ದರು. 1931ರಲ್ಲಿ ಖಲೀಫರ ಮಗಳು ದುರ್ರುಶೆಹ್ವಾರ್ ನಿಜಾಮರ ಹಿರಿಯ ಮಗನನ್ನು ವರಿಸಿ ಹೈದರಾಬಾದಿನ ಸೊಸೆಯಾದರು.

ಅರಬರ ಕಡೆಯೂ ನೋಡಬೇಕು. 1916ರಲ್ಲಿ ಉಸ್ಮಾನಿಯರ ವಿರುದ್ಧ ಮೊದಲು ಎದ್ದವರು ಮಕ್ಕಾದ ಶರೀಫರೇ. ಯಾವ ನೆಲವು ಖಲೀಫರ ಕೈಯಲ್ಲಿರಬೇಕೆಂದು ಭಾರತದ ಮುಸ್ಲಿಮರು ಜೈಲು ಸೇರಿದರೋ ಆ ನೆಲದ ಅರಬರಲ್ಲಿ ಅನೇಕರಿಗೆ ತಮ್ಮದೇ ಆಡಳಿತ ಬೇಕಿತ್ತು. ತುರ್ಕಿಯರಲ್ಲಿ ಅನೇಕರಿಗೆ ಆ ಹೊರೆ ಬೇಡವಾಗಿತ್ತು. ಇಲ್ಲಿನವರ ತ್ಯಾಗ ಪ್ರಾಮಾಣಿಕವಾಗಿತ್ತು. ಆದರೆ ಆ ತ್ಯಾಗ ಯಾವುದನ್ನು ಅವಲಂಬಿಸಿತ್ತೋ ಅದರ ಕೀಲಿಕೈ ಇಲ್ಲಿನವರ ಬಳಿ ಇರಲಿಲ್ಲ. ಚಳವಳಿ ಕುಸಿದದ್ದಕ್ಕೆ ಬ್ರಿಟಿಷರ ದಮನಕ್ಕಿಂತಲೂ ಆಳದ ಕಾರಣ ಇದೇ ಎಂದು ನಾವು ಭಾವಿಸುತ್ತೇವೆ.

ಏನು ಉಳಿಯಿತು?

ಕುಸಿತದ ನಂತರದ ದಿನಗಳು ಕಹಿಯಾಗಿದ್ದವು. ಹಿಂದೂ ಮುಸ್ಲಿಮ್ ಐಕ್ಯ ಮುರಿದು ಅನೇಕ ಕಡೆ ಗಲಭೆಗಳಾದವು. 1924ರ ಸೆಪ್ಟೆಂಬರ್‌ನಲ್ಲಿ ಕೊಹಾಟ್‌ನ ಗಲಭೆಯ ಬಳಿಕ ಗಾಂಧೀಜಿ 21 ದಿನಗಳ ಉಪವಾಸ ಕೈಗೊಂಡರು. ಅದನ್ನು ಅವರು ಆರಂಭಿಸಿದ್ದು ದಿಲ್ಲಿಯಲ್ಲಿ ಮುಹಮ್ಮದ್ ಅಲಿಯವರ ಮನೆಯಲ್ಲಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನವದು. ಅದೇ ದಿನಗಳಲ್ಲಿ ಅಲ್ಲಿ ಖಿಲಾಫತ್ ಸಮ್ಮೇಳನವೂ ಡಾ. ಕಿಚ್ಲು ಅವರ ಅಧ್ಯಕ್ಷತೆಯಲ್ಲಿ ಸೇರಿತು. ಖಿಲಾಫತ್ ಪದವಿಯೇ ಇಲ್ಲವಾಗಿ ಒಂಬತ್ತು ತಿಂಗಳು ಕಳೆದಿದ್ದವು. ಅಲ್ಲಿ ಸೇರಿದವರ ಮುಂದೆ ಉಳಿದಿದ್ದ ಕೆಲಸ ಸ್ವಂತ ನಾಡಿನದು.

ಹಾಗೆಂದು ಎಲ್ಲವೂ ವ್ಯರ್ಥವಾಯಿತೆನ್ನಲಾಗದು. ಚಳವಳಿಯು ಮೊದಲ ಬಾರಿಗೆ ಸಾಮಾನ್ಯ ಮುಸ್ಲಿಮರನ್ನು, ಉಲಮಾಗಳನ್ನು, ಮಹಿಳೆಯರನ್ನು ದೊಡ್ಡ ಸಂಖ್ಯೆಯಲ್ಲಿ ರಾಷ್ಟ್ರೀಯ ಹೋರಾಟಕ್ಕೆ ತಂದಿತು. 1920ರ ಅಕ್ಟೋಬರ್ 29ರಂದು ಅಲಿಗಢದಲ್ಲಿ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಹುಟ್ಟಿತು. ಮಾಲ್ಟಾದ ಸೆರೆಯಿಂದ ಕೆಲವೇ ತಿಂಗಳ ಹಿಂದೆ ಬಿಡುಗಡೆಯಾಗಿದ್ದ, ದೇವಬಂದ್‌ನ ಶೈಖುಲ್ ಹಿಂದ್ ಮೌಲಾನಾ ಮಹ್ಮೂದ್ ಹಸನ್ ಅದಕ್ಕೆ ಅಡಿಗಲ್ಲಿಟ್ಟರು. ಮರುತಿಂಗಳು ಅವರು ತೀರಿಕೊಂಡರು. ಸಂಸ್ಥೆ 1925ರಲ್ಲಿ ದಿಲ್ಲಿಗೆ ಬಂದು ಇಂದು ಕೇಂದ್ರೀಯ ವಿಶ್ವವಿದ್ಯಾಲಯವಾಗಿ ನಿಂತಿದೆ. ಖಲೀಫರ ಸಿಂಹಾಸನ ಉಳಿಯಲಿಲ್ಲ, ಶಾಲೆ ಉಳಿಯಿತು.

ವಿದ್ಯಾರ್ಥಿಗಳಿಗೆ ಎರಡು ಮಾತು

ಪರೀಕ್ಷೆಯಲ್ಲಿ ಈ ವಿಷಯ ಬಂದಾಗ ಉತ್ತರವನ್ನು ನಾಲ್ಕು ಭಾಗ ಮಾಡಿ ಬರೆಯಿರಿ. ಮೊದಲು ಹಿನ್ನೆಲೆ: ಖಿಲಾಫತ್ ಎಂದರೇನು, ಮಹಾಯುದ್ಧದಲ್ಲಿ ತುರ್ಕಿಯ ಪಾತ್ರವೇನು. ಎರಡನೆಯದು ಕಾರಣ: ಸೆವ್ರೆಯ ಷರತ್ತು, ಜೊತೆಗೆ ರೌಲೆಟ್ ಕಾಯಿದೆ ಮತ್ತು ಜಲಿಯನ್‌ವಾಲಾ ಬಾಗ್. ಮೂರನೆಯದು ಘಟನೆಗಳು: ದಿಲ್ಲಿ ಸಮ್ಮೇಳನ, ಅಲಹಾಬಾದ್ ನಿರ್ಣಯ, ಕಲ್ಕತ್ತಾ ಮತ್ತು ನಾಗಪುರ, ಕರಾಚಿ ಮೊಕದ್ದಮೆ. ನಾಲ್ಕನೆಯದು ಪರಿಣಾಮ: ಸಾಧಿಸಿದ್ದು ಮತ್ತು ಸೋತದ್ದು ಎರಡೂ. ಪ್ರತಿಯೊಂದು ಇಸವಿಯ ಪಕ್ಕದಲ್ಲೂ ಆ ಹೊತ್ತಿಗೆ ತುರ್ಕಿಯಲ್ಲಿ ಏನಾಗುತ್ತಿತ್ತು ಎಂದು ಒಂದು ಸಾಲು ಬರೆದಿಟ್ಟುಕೊಂಡು ಓದಿದರೆ ಇಸವಿಗಳು ತಾವಾಗಿ ನೆನಪಿನಲ್ಲಿ ನಿಲ್ಲುತ್ತವೆ.

ಎರಡನೆಯ ಮಾತು ಪರೀಕ್ಷೆಯ ಆಚೆಯದು. ಖಿಲಾಫತ್ ಬಗ್ಗೆ ಇಂದು ಎರಡು ಬಗೆಯ ಮಾತುಗಳು ಮೊಬೈಲ್‌ಗಳಲ್ಲಿ ಹರಿದಾಡುತ್ತವೆ. ಒಂದು ಅದನ್ನು ಕಳಂಕವಿಲ್ಲದ ವೈಭವವೆನ್ನುತ್ತದೆ, ಇನ್ನೊಂದು ಅದನ್ನು ದೇಶದ್ರೋಹವೆನ್ನುತ್ತದೆ. ಮಕ್ಕಾದ ಶರೀಫರನ್ನು ಮರೆತವರು ಮೊದಲನೆಯದನ್ನು ನಂಬುತ್ತಾರೆ. ಕರಾಚಿಯ ಕಟಕಟೆಯನ್ನು ಮರೆತವರು ಎರಡನೆಯದನ್ನು ನಂಬುತ್ತಾರೆ. ಮದ್ರಸಗಳಲ್ಲಿ ಹದೀಸ್ ಕಲಿಯುವಾಗ ಮಾತು ಎಷ್ಟೇ ಸುಂದರವಾಗಿರಲಿ, ಇದನ್ನು ಯಾರು ಯಾರಿಂದ ಕೇಳಿದರು ಎಂದು ಸನದನ್ನು ಪರಿಶೀಲಿಸಲು ಕಲಿಸುತ್ತಾರೆ. ಸುದ್ದಿಯನ್ನು ಪರೀಕ್ಷಿಸದೆ ನಂಬಬಾರದೆಂಬುದು ನಮ್ಮ ದೀನ್ ಕಲಿಸಿದ ಶಿಸ್ತು. ಇತಿಹಾಸಕ್ಕೂ ಅದೇ ಶಿಸ್ತು ಸಾಕು. ಯಾರು ಹೇಳಿದರು, ಯಾವಾಗ ಹೇಳಿದರು, ಅವರಿಗೆ ಅದು ಗೊತ್ತಾದದ್ದು ಹೇಗೆ ಎಂಬ ಮೂರು ಪ್ರಶ್ನೆ ಕೇಳಿರಿ.

1920ರಲ್ಲಿ ಹೊಲ ಮಾರಿ ಗಡಿ ದಾಟಿದ ಬಡ ರೈತನಿಗೆ ಆ ಪ್ರಶ್ನೆಗಳನ್ನು ಕೇಳುವ ಅವಕಾಶವಾಗಲಿ ಅಕ್ಷರವಾಗಲಿ ಇರಲಿಲ್ಲ. ನಿಮಗೆ ಎರಡೂ ಇವೆ. ಅದು ಅಲ್ಲಾಹನ ಅನುಗ್ರಹ, ಹಾಗೆಯೇ ಒಂದು ಅಮಾನತ್ತು ಕೂಡ. ಅದನ್ನು ಸರಿಯಾಗಿ ಬಳಸುವ ಸೌಭಾಗ್ಯ ನಮಗೆಲ್ಲರಿಗೂ ದೊರೆಯಲಿ.